ಲಾಕ್ ಮಾಡಿದ ಪೆನ್‌ಡ್ರೈವ್‌ನಿಂದ ಲೈವ್ ಡೆಬಿಯನ್ ಬೂಟ್ ಆಗ್ತಿಲ್ಲ

ಪ್ರಶ್ನೆ, ಬನಹಟ್ಟಿಯಿಂದ

ಎಲ್ಲರಿಗೂ ನಮಸ್ಕಾರ. ಇಲ್ಲಿ ನೇಕಾರರ ಲೆಕ್ಕಪತ್ರ ಬರೆಯೋದು ನನ್ನ ಕೆಲಸ. ನೂಲಿನ ಅಂಗಡಿ, ಮಗ್ಗದ ಮಾಲೀಕರ ಮನೆ, ರಬಕವಿಯ ಒಂದು ಕಚೇರಿ, ಹೀಗೆ ಎಲ್ಲಿ ಕರೆಯುತ್ತಾರೋ ಅಲ್ಲಿನ ಕಂಪ್ಯೂಟರಿನಲ್ಲೇ ಕೂರಬೇಕು. ಪಾನ್ ನಂಬರು, ಬ್ಯಾಂಕ್ ವಿವರ, ಕೂಲಿ ಲೆಕ್ಕ ಎಲ್ಲ ನನ್ನ ಹತ್ತಿರ ಇರುತ್ತೆ. ಅದು ಬೇರೆಯವರ ವಿಂಡೋಸ್‌ನಲ್ಲಿ ಉಳಿಯಬಾರದು, ಪೆನ್‌ಡ್ರೈವ್ ಬಸ್ಸಿನಲ್ಲಿ ಬಿದ್ದುಹೋದರೂ ಯಾರೂ ಓದಬಾರದು. ಅದಕ್ಕೆ 32 ಜಿಬಿ ಡ್ರೈವನ್ನು ಪೂರ್ತಿ ವೆರಾಕ್ರಿಪ್ಟ್ ಎಂಬ ಎನ್‌ಕ್ರಿಪ್ಷನ್ ಪ್ರೋಗ್ರಾಮಿನಲ್ಲಿ ಲಾಕ್ ಮಾಡಿ, ಒಳಗೆ ಡೆಬಿಯನ್ ಲೈವ್ ಐಎಸ್‌ಒ ಇಟ್ಟಿದ್ದೇನೆ, ಅಂದರೆ ಇನ್‌ಸ್ಟಾಲ್ ಮಾಡದೆ ಪೆನ್‌ಡ್ರೈವ್‌ನಿಂದಲೇ ಓಡಿಸುವ ಲಿನಕ್ಸ್‌ನ ಇಮೇಜ್ ಫೈಲ್. ಬೂಟ್ ಮೆನುವಿನಲ್ಲಿ ಡ್ರೈವಿನ ಹೆಸರು ಕಾಣುತ್ತೆ, ಆರಿಸಿದರೆ ಸೀದಾ ವಿಂಡೋಸ್‌ಗೇ ಹೋಗುತ್ತೆ. ಪಾಸ್‌ವರ್ಡ್ ಕೇಳೋದೇ ಇಲ್ಲ. ಸಹಿ ಇಲ್ಲದ ಸಿಸ್ಟಮ್ ಬೂಟ್ ಆಗದಂತೆ ತಡೆಯುವ ಸೆಕ್ಯೂರ್ ಬೂಟ್ ಆಫ್ ಮಾಡಿಯೂ ನೋಡಿದೆ. ಏನು ಮಾಡಲಿ?

ಉತ್ತರ, ಬೆಳಗಾವಿಯಿಂದ

ಡ್ರೈವ್ ಕೆಟ್ಟಿಲ್ಲ. ಸೆಕ್ಯೂರ್ ಬೂಟ್‌ಗೂ ಇದಕ್ಕೂ ಸಂಬಂಧವಿಲ್ಲ. ಕಂಪ್ಯೂಟರ್ ಆನ್ ಆದಾಗ ಮೊದಲು ಓಡೋದು ಯುಇಎಫ್‌ಐ, ಅಂದರೆ ಮದರ್‌ಬೋರ್ಡಿನಲ್ಲೇ ಇರುವ ಪ್ರೋಗ್ರಾಮ್. ಅದು ಫ್ಯಾಟ್ ಎಂಬ ಸರಳ ಫಾರ್ಮ್ಯಾಟಿನ ಪಾರ್ಟಿಷನ್ (ಡ್ರೈವಿನ ಒಂದು ಭಾಗ) ಓದಿ, ಸಿಸ್ಟಮ್ ಶುರು ಮಾಡುವ ಬೂಟ್‌ಲೋಡರ್ ಹುಡುಕುತ್ತೆ. ಪೂರ್ತಿ ಲಾಕ್ ಆದ ಡ್ರೈವಿನಲ್ಲಿ ಅದಕ್ಕೆ ಏನೂ ಕಾಣಲ್ಲ. ಪಾಸ್‌ವರ್ಡ್ ಕೇಳುವ ಪ್ರೋಗ್ರಾಮೇ ಲಾಕಿನ ಒಳಗಿದ್ದರೆ ಕೇಳೋರು ಯಾರು? ಇನ್ನೊಂದು ವಿಷಯ, ಐಎಸ್‌ಒ ಫೈಲನ್ನು ಸುಮ್ನೆ ಕಾಪಿ ಮಾಡಿಟ್ಟರೆ ಲಾಕ್ ಇಲ್ಲದ ಡ್ರೈವ್ ಕೂಡ ಬೂಟ್ ಆಗಲ್ಲ.

ಆಪರೇಟಿಂಗ್ ಸಿಸ್ಟಮ್ ತೆರೆದೇ ಇರಲಿ ಬಿಡಿ. ಡೆಬಿಯನ್ ಯಾರು ಬೇಕಾದರೂ ಇಳಿಸಿಕೊಳ್ಳಬಹುದು, ಅದನ್ನು ಮುಚ್ಚಿಟ್ಟು ಏನು ಲಾಭ? ಮುಚ್ಚಬೇಕಾದ್ದು ನೇಕಾರರ ಲೆಕ್ಕ.

ಲಿನಕ್ಸ್ ಇರುವ ಯಾವುದಾದರೂ ಕಂಪ್ಯೂಟರಿನಲ್ಲಿ ಐಎಸ್‌ಒವನ್ನು ಡಿಡಿ ಎಂಬ ಕಮಾಂಡಿನಿಂದ ಇಡೀ ಡ್ರೈವ್ ಮೇಲೆ ಬರೆಯಿರಿ. ಅದಕ್ಕೂ ಮೊದಲು ಡಿಸ್ಕ್‌ಗಳ ಪಟ್ಟಿ ತೋರಿಸುವ ಎಲ್‌ಎಸ್‌ಬಿಎಲ್‌ಕೆ ಕಮಾಂಡ್ ಹಾಕಿ ಡ್ರೈವಿನ ಹೆಸರು ಸರಿಯಾಗಿ ನೋಡಿಕೊಳ್ಳಿ. ಡಿಡಿ ಮತ್ತೊಮ್ಮೆ ಕೇಳಲ್ಲ, ತಪ್ಪು ಡಿಸ್ಕ್ ಕೊಟ್ಟರೆ ಅದನ್ನೂ ಅಳಿಸಿಬಿಡುತ್ತೆ. ಆಮೇಲೆ ಉಳಿದ ಜಾಗದಲ್ಲಿ ಎಫ್‌ಡಿಸ್ಕ್‌ನಿಂದ ಹೊಸ ಪಾರ್ಟಿಷನ್ ಮಾಡಿ, ಕ್ರಿಪ್ಟ್‌ಸೆಟಪ್ ಲಕ್ಸ್‌ಫಾರ್ಮ್ಯಾಟ್‌ನಿಂದ ಅದನ್ನು ಲಾಕ್ ಮಾಡಿ (ಲಕ್ಸ್ ಅಂದರೆ ಲಿನಕ್ಸ್‌ನ ಡಿಸ್ಕ್ ಲಾಕ್ ವಿಧಾನ), ತೆರೆದು, ಒಳಗೆ ಲಿನಕ್ಸ್‌ನ ಫೈಲ್ ಸಿಸ್ಟಮ್ ಇಎಕ್ಸ್‌ಟಿ4 ಹಾಕಿ. ಇಎಕ್ಸ್‌ಟಿ4ನ ಲೇಬಲ್ ಪರ್ಸಿಸ್ಟೆನ್ಸ್ ಅಂತಲೇ ಇರಬೇಕು, ಇಂಗ್ಲಿಷ್ ಸಣ್ಣ ಅಕ್ಷರಗಳಲ್ಲಿ; ಆಫ್ ಮಾಡಿದ ಮೇಲೂ ಫೈಲುಗಳು ಉಳಿಯುವ ಜಾಗ ಇದು. ಒಳಗೆ ಪರ್ಸಿಸ್ಟೆನ್ಸ್ ಡಾಟ್ ಕಾನ್ಫ್ ಎಂಬ ಫೈಲ್ ಬೇಕು, ಅದರಲ್ಲಿ ಒಂದೇ ಸಾಲು: ಸ್ಲ್ಯಾಶ್, ಒಂದು ಸ್ಪೇಸ್, ಯೂನಿಯನ್. ಕೊನೆಗೆ ಬೂಟ್ ಮೆನುವಿನಲ್ಲಿ ಇ ಒತ್ತಿ, ಕರ್ನೆಲ್ ಸಾಲಿನ ತುದಿಗೆ ಪರ್ಸಿಸ್ಟೆನ್ಸ್ ಎಂದೂ ಪರ್ಸಿಸ್ಟೆನ್ಸ್ ಹೈಫನ್ ಎನ್‌ಕ್ರಿಪ್ಷನ್ ಈಕ್ವಲ್ಸ್ ಲಕ್ಸ್ ಎಂದೂ ಸೇರಿಸಿ. ಇಷ್ಟಾದರೂ ಪಾಸ್‌ವರ್ಡ್ ಕೇಳದಿದ್ದರೆ ಆ ಇಮೇಜಿನ ಇನಿಟ್‌ರಾಮ್‌ಎಫ್‌ಎಸ್‌ನಲ್ಲಿ, ಅಂದರೆ ಬೂಟ್ ಶುರುವಿನಲ್ಲಿ ಮೆಮೊರಿಗೆ ಬರುವ ಪುಟ್ಟ ಸಿಸ್ಟಮ್‌ನಲ್ಲಿ, ಕ್ರಿಪ್ಟ್‌ಸೆಟಪ್ ಇದೆಯೇ ನೋಡಿ. ಇದೆಲ್ಲ ರಗಳೆ ಅನಿಸಿದರೆ ಟೇಲ್ಸ್ ಎಂಬ ಇನ್ನೊಂದು ಲೈವ್ ಲಿನಕ್ಸ್ ಇದೆ, ಅದು ಮೆನುವಿನಿಂದಲೇ ಲಾಕ್ ಆದ ಜಾಗ ಮಾಡಿಕೊಡುತ್ತೆ. ಆದರೆ ಅದರ ಇಂಟರ್ನೆಟ್ ಎಲ್ಲ ಗುರುತು ಮರೆಮಾಡುವ ಟಾರ್ ಜಾಲದ ಮೂಲಕ ಹೋಗೋದರಿಂದ ಬ್ಯಾಂಕ್ ವೆಬ್‌ಸೈಟುಗಳು ತಕರಾರು ಮಾಡಬಹುದು. ನಿಮ್ಮ ಕೆಲಸಕ್ಕೆ ಡೆಬಿಯನ್ನೇ ಸರಿ.

ಬನಹಟ್ಟಿಯಿಂದ ಮತ್ತೆ

ತುಂಬಾ ಉಪಕಾರ ಆಯ್ತು. ನನ್ನ ಲ್ಯಾಪ್‌ಟಾಪಿನಲ್ಲಿ ಚೆನ್ನಾಗಿ ಬೂಟ್ ಆಗಿ ಪಾಸ್‌ವರ್ಡ್ ಕೇಳಿ ತೆರೆಯಿತು. ಆದರೆ ನೂಲಿನ ಅಂಗಡಿಯ ಹಳೆ ಡೆಸ್ಕ್‌ಟಾಪಿನಲ್ಲಿ, ಅಲ್ಲಿ ರ‍್ಯಾಮ್ 2 ಜಿಬಿ ಮಾತ್ರ, ಅದೇ ಪಾಸ್‌ವರ್ಡ್ ಹಾಕಿದರೆ ಬಹಳ ಹೊತ್ತು ಸುಮ್ಮನಿದ್ದು ಕೊನೆಗೆ ಎರರ್ ಬರುತ್ತೆ. ಪಾಸ್‌ವರ್ಡ್ ಸರಿಯಾಗೇ ಇದೆ. ಅಲ್ಲಿ ಪ್ರತಿ ವಾರ ಕೆಲಸ ಇರುತ್ತೆ, ಬಿಡೋ ಹಾಗಿಲ್ಲ.

ಉತ್ತರ, ವಿಜಯಪುರದಿಂದ

ಇದು ಮೆಮೊರಿಯದೇ ತೊಂದರೆ ಇರಬೇಕು. ಲಕ್ಸ್‌ನ ಎರಡನೇ ಆವೃತ್ತಿ ಲಕ್ಸ್2, ಪಾಸ್‌ವರ್ಡಿನಿಂದ ಲಾಕಿನ ಕೀ ತಯಾರಿಸಲು ಆರ್ಗಾನ್2 ಎಂಬ ಲೆಕ್ಕಾಚಾರ ಬಳಸುತ್ತೆ. ಕಳ್ಳರು ಸಾವಿರಾರು ಪಾಸ್‌ವರ್ಡ್ ಒಟ್ಟಿಗೆ ಪ್ರಯತ್ನಿಸಬಾರದು ಅಂತ ಅದು ಬೇಕಂತಲೇ ಜಾಸ್ತಿ ರ‍್ಯಾಮ್ ತಿನ್ನುತ್ತೆ. ಎಷ್ಟು ತಿನ್ನಬೇಕು ಅನ್ನೋದು ಫಾರ್ಮ್ಯಾಟ್ ಮಾಡಿದ ಕಂಪ್ಯೂಟರಿನ ಶಕ್ತಿ ನೋಡಿ ನಿರ್ಧಾರ ಆಗಿರುತ್ತೆ, ಗರಿಷ್ಠ 1 ಜಿಬಿ. ಲ್ಯಾಪ್‌ಟಾಪಿಗೆ ಅದು ಲೆಕ್ಕಕ್ಕಿಲ್ಲ, 2 ಜಿಬಿ ಡೆಸ್ಕ್‌ಟಾಪಿಗೆ ಉಸಿರು ಕಟ್ಟುತ್ತೆ. ಲಾಕಿನ ವಿವರ ತೋರಿಸುವ ಲಕ್ಸ್‌ಡಂಪ್ ಕಮಾಂಡ್ ಹಾಕಿ ಮೆಮೊರಿ ಸಾಲು ನೋಡಿ, 1048576 ಅಂತ (ಕೆಬಿ ಲೆಕ್ಕದಲ್ಲಿ, ಅಂದರೆ 1 ಜಿಬಿ) ಇದ್ದರೆ ಅದೇ ಕಾರಣ.

ಡೇಟಾ ಅಳಿಸದೆ ಸರಿ ಮಾಡಬಹುದು. ಮೊದಲು ಲಕ್ಸ್‌ಹೆಡರ್‌ಬ್ಯಾಕಪ್ ತೆಗೆದು ಮನೆಯಲ್ಲಿರುವ ಬೇರೆ ಡ್ರೈವಿನಲ್ಲಿಡಿ, ಇದನ್ನು ದಯವಿಟ್ಟು ಬಿಡಬೇಡಿ. ಲಾಕಿನ ಕೀ ಮಾಹಿತಿ ಇರುವ ಆರಂಭದ ಭಾಗವೇ ಹೆಡರ್; ಅದು ಹಾಳಾದರೆ ಪಾಸ್‌ವರ್ಡ್ ನೆನಪಿದ್ದರೂ ಡೇಟಾ ಸಿಗಲ್ಲ, ನಡುವೆ ಕರೆಂಟು ಹೋಗೋದು ನಮ್ಮ ಕಡೆ ಹೊಸದಲ್ಲ ಅಲ್ವಾ. ಆಮೇಲೆ ಲಕ್ಸ್‌ಕನ್ವರ್ಟ್‌ಕೀ ಕಮಾಂಡಿಗೆ ಪಿಬಿಕೆಡಿಎಫ್ ಮೆಮೊರಿ (ಕೀ ತಯಾರಿಸಲು ಬಳಸುವ ರ‍್ಯಾಮ್) 262144 ಕೊಡಿ, ಅಂದರೆ 256 ಎಂಬಿ. ರಕ್ಷಣೆ ಸ್ವಲ್ಪ ಕಡಿಮೆ ಆಗುತ್ತೆ, ಅದಕ್ಕೆ ಪಾಸ್‌ವರ್ಡ್ ಉದ್ದ ಮಾಡಿ. ಕನ್ನಡ ಮಾತನ್ನೇ ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡುವಂತೆ ಐದಾರು ಪದ ಇಟ್ಟುಕೊಳ್ಳಿ. ಕನ್ನಡ ಲಿಪಿ ಬೇಡ, ಬೂಟ್ ಸಮಯದಲ್ಲಿ ಆ ಕೀಬೋರ್ಡ್ ಇರಲ್ಲ.

ಒಂದು ಅಪಾಯ ಮಾತ್ರ ಈ ಲಾಕಿನಿಂದ ತಪ್ಪಲ್ಲ. ಅವರ ವಿಂಡೋಸ್‌ನ ವೈರಸ್ ಇಲ್ಲಿ ಓಡಲ್ಲ, ಆದರೆ ಕೀಬೋರ್ಡ್ ವೈರಿನ ನಡುವೆ ಕೀಲಾಗರ್ (ಒತ್ತಿದ ಕೀಗಳನ್ನೆಲ್ಲ ಬರೆದಿಡುವ ಸಣ್ಣ ಸಾಧನ) ಸಿಕ್ಕಿಸಿದ್ದರೆ ಪಾಸ್‌ವರ್ಡ್ ಅದರಲ್ಲಿ ದಾಖಲಾಗುತ್ತೆ. ಪರರ ಹಣದ ವಿಷಯ ಇದು. ನಿಮ್ಮದೇ ಸಣ್ಣ ಯುಎಸ್‌ಬಿ ಕೀಬೋರ್ಡ್ ಚೀಲದಲ್ಲಿರಲಿ.

ಬನಹಟ್ಟಿಯಿಂದ

ಹೆಡರ್ ಬ್ಯಾಕಪ್ ತೆಗೆದು, ಮೆಮೊರಿ ಇಳಿಸಿ, ಪಾಸ್‌ವರ್ಡೂ ಉದ್ದ ಮಾಡಿದೆ. ಹಳೆ ಡೆಸ್ಕ್‌ಟಾಪಿನಲ್ಲಿ ಸ್ವಲ್ಪ ಹೊತ್ತು ಹಿಡಿಯುತ್ತೆ, ಆದರೆ ತೆರೆಯುತ್ತೆ. ಪಾಸ್‌ವರ್ಡ್ ಬದಲಿಸಿದ ಮೇಲೆ ಹೆಡರ್ ಬ್ಯಾಕಪ್ ಹೊಸದಾಗಿ ತೆಗೆಯಬೇಕಾ?

ವಿಜಯಪುರದಿಂದ

ಹೌದು, ಹೊಸದು ತೆಗೆದು ಹಳೆಯದನ್ನು ಅಳಿಸಿ. ಹಳೆ ಹೆಡರ್ ಇದ್ದರೆ ಹಳೆ ಪಾಸ್‌ವರ್ಡಿನಿಂದಲೂ ಡ್ರೈವ್ ತೆರೆಯುತ್ತೆ.