ಸಹಾಯ ಬೇಕು: ‘ಬರ್ಸ್ಟ್ ಇಂಟು’ ಯಾವಾಗ, ‘ಬ್ರೇಕ್ ಇಂಟು’ ಯಾವಾಗ?

ಎಲ್ಲರಿಗೂ ನಮಸ್ಕಾರ. ಮೂರು ದಿನದಿಂದ ಒಂದೇ ಕಡೆ ಸಿಕ್ಕಿಕೊಂಡಿದ್ದೇನೆ, ಗೊತ್ತಿದ್ದವರು ದಯವಿಟ್ಟು ಹೇಳಿ. ಎಂಟನೇ ಕ್ಲಾಸಿನ ಮಗಳಿಗೆ ನಾನೇ ಇಂಗ್ಲಿಷ್ ಹೇಳಿಕೊಡುವುದು, ನಾನು ಓದಿದ್ದು ಪೂರ್ತಿ ಕನ್ನಡ ಮೀಡಿಯಂ.

‘ಗೊಳೋ ಅಂತ ಅತ್ತುಬಿಟ್ಟಳು’ ಅನ್ನುವುದಕ್ಕೆ ‘ಶಿ ಬರ್ಸ್ಟ್ ಇಂಟು ಟಿಯರ್ಸ್’. ಇದು ಅರ್ಥವಾಗಿದೆ. ‘ಇಂಟು’ ಆದಮೇಲೆ ನಾಮಪದ ಬರಬೇಕು, ಟಿಯರ್ಸ್, ಲಾಫ್ಟರ್, ಫ್ಲೇಮ್ಸ್ ಹೀಗೆ. ‘ಔಟ್’ ಇದ್ದರೆ ‘ಬರ್ಸ್ಟ್ ಔಟ್ ಕ್ರೈಯಿಂಗ್’, ಅಂದರೆ ಕೊನೆಗೆ ‘ಇಂಗ್’ ಇರುವ ಪದ. ಮೊದಲು ‘ಬರ್ಸ್ಟೆಡ್’ ಅಂತ ಬರೆಸಿದ್ದೆ, ಡಿಕ್ಷನರಿ ನೋಡಿದ ಮೇಲೆ ತಿದ್ದಿದೆ, ಭೂತಕಾಲಕ್ಕೂ ‘ಬರ್ಸ್ಟ್’ ಅಂತಲೇ ಇದೆ.

ತಲೆ ಕೆಟ್ಟಿದ್ದು ‘ಬ್ರೇಕ್ ಇಂಟು’ ಬಂದಾಗ. ‘ಹಿ ಬ್ರೋಕ್ ಇಂಟು ಎ ಸ್ಮೈಲ್’, ‘ಹಿ ಬ್ರೋಕ್ ಇಂಟು ಎ ರನ್’ ಅಂತ ಪಾಠದಲ್ಲಿದೆ. ಹಾಡು, ಚಪ್ಪಾಳೆ ಇಂಥವಕ್ಕೆ ಎರಡೂ ಬರುತ್ತವೆ, ‘ಬರ್ಸ್ಟ್ ಇಂಟು ಸಾಂಗ್’ ಕೂಡ ಸರಿ, ‘ಬ್ರೇಕ್ ಇಂಟು ಸಾಂಗ್’ ಕೂಡ ಸರಿ. ನಮ್ಮಲ್ಲಾದರೆ ನಕ್ಕುಬಿಟ್ಟ, ಓಡಿಬಿಟ್ಟ, ಹಾಡಿಬಿಟ್ಟ, ಎಲ್ಲದಕ್ಕೂ ‘ಬಿಟ್ಟ’ ಸಾಕು, ಜೋರು ಎಷ್ಟು ಅನ್ನುವುದನ್ನು ಗೊಳೋ, ಪಕ್ಕನೆ, ಧಗ್ಗನೆ ಇಂಥ ಪದಗಳೇ ಹೇಳುತ್ತವೆ ಅಲ್ವಾ? ಬರ್ಸ್ಟ್ ಅಂದರೆ ತಡೆಯಲಾಗದೆ ಒಡೆದು ಬರುವುದು, ಬ್ರೇಕ್ ಅಂದರೆ ಸ್ವಲ್ಪ ಮೆತ್ತಗೆ ಶುರುವಾಗುವುದು ಅಂತ ಮಗಳಿಗೆ ಹೇಳಿದ್ದೇನೆ. ಸುಮ್ನೆ ಬಾಯಿಪಾಠ ಮಾಡಿಸಲು ನನಗೆ ಇಷ್ಟವಿಲ್ಲ, ತಪ್ಪು ಕಲಿಸಿದರೆ ಅವಳಿಗೇ ಕಷ್ಟ.

ನಾನು ಹೇಳಿದ ವ್ಯತ್ಯಾಸ ಸರಿನಾ? ಮುಗುಳ್ನಗುವಿಗೆ ‘ಬರ್ಸ್ಟ್ ಇಂಟು ಎ ಸ್ಮೈಲ್’ ಅಂತ ಬರೆದರೆ ಪರೀಕ್ಷೆಯಲ್ಲಿ ತಪ್ಪಾಗುತ್ತದಾ?