ಸೂಕ್ಷ್ಮದರ್ಶಕದಲ್ಲಿ 10 ನ್ಯಾನೋಮೀಟರ್, ಸ್ಯಾಕ್ಸ್‌ನಲ್ಲಿ 16: ಯಾವುದು ಸರಿ?

ಪ್ರಶ್ನೆ:
ನೀರಿನಲ್ಲಿ ತಯಾರಿಸಿದ ಚಿನ್ನದ ನ್ಯಾನೋಕಣಗಳನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಬಹುಪಾಲು ಕಣಗಳು ಗೋಳಾಕಾರವಾಗಿದ್ದು, ವ್ಯಾಸ ಸುಮಾರು 10 ನ್ಯಾನೋಮೀಟರ್ ಇತ್ತು. ಅದೇ ದ್ರಾವಣವನ್ನು ಸಣ್ಣ ಕೋನದ ಎಕ್ಸ್-ರೇ ಚದುರಿಕೆಗೆ, ಅಂದರೆ ಸ್ಯಾಕ್ಸ್‌ಗೆ ಒಳಪಡಿಸಿ ಗಿನಿಯೆ ರೇಖೆ (ಅತಿ ಸಣ್ಣ ಕೋನಗಳಲ್ಲಿನ ತೀವ್ರತೆಯಿಂದ ಗಾತ್ರ ಪಡೆಯುವ ನೇರ ರೇಖೆ) ಎಳೆದರೆ ಗೈರೇಶನ್ ತ್ರಿಜ್ಯ, ಅಂದರೆ ಕಣದ ದ್ರವ್ಯ ಅದರ ಕೇಂದ್ರದಿಂದ ಎಷ್ಟು ದೂರ ಹರಡಿದೆ ಎಂಬುದರ ಅಳತೆ, 6.2 ನ್ಯಾನೋಮೀಟರ್ ಬರುತ್ತಿದೆ. ಗೋಳವೆಂದು ಭಾವಿಸಿದರೆ ವ್ಯಾಸ 16 ಆಗುತ್ತದೆ. ತಪ್ಪು ಲೆಕ್ಕದಲ್ಲಿದೆಯೋ, ಮಾದರಿಯಲ್ಲಿದೆಯೋ?

ಉತ್ತರ 1:
ನಿಮ್ಮ ಗುಣಾಕಾರ ಸರಿಯಾಗಿದೆ. ಆದರೆ ಚದುರಿದ ಕಿರಣದ ತೀವ್ರತೆ ಕಣದ ಘನಗಾತ್ರದ ವರ್ಗಕ್ಕೆ, ಅಂದರೆ ವ್ಯಾಸದ ಆರನೆಯ ಘಾತಕ್ಕೆ ಅನುಗುಣವಾಗಿರುವುದರಿಂದ, 20 ನ್ಯಾನೋಮೀಟರಿನ ಒಂದೇ ಕಣ 10 ನ್ಯಾನೋಮೀಟರಿನ 64 ಕಣಗಳಷ್ಟು ಚದುರಿಸುತ್ತದೆ. ಸೂಕ್ಷ್ಮದರ್ಶಕದಲ್ಲಿ ನಾವು ತಲೆ ಎಣಿಸುತ್ತೇವೆ. ಗಿನಿಯೆ ರೇಖೆ ದೊಡ್ಡವರ ಮಾತನ್ನಷ್ಟೇ ಕೇಳುತ್ತದೆ. ರೇಖೆ ಎಳೆದ ವ್ಯಾಪ್ತಿಯನ್ನೂ ನೋಡಿ: ಕ್ಯೂ (ಚದುರಿದ ಕೋನದೊಂದಿಗೆ ಹೆಚ್ಚುವ ಅಳತೆ) ಮತ್ತು ಗೈರೇಶನ್ ತ್ರಿಜ್ಯದ ಗುಣಲಬ್ಧ 1.3 ಮೀರಬಾರದು. ನಿಮ್ಮ ಮಾದರಿಯಲ್ಲಿ ಕ್ಯೂ ಪ್ರತಿ ನ್ಯಾನೋಮೀಟರಿಗೆ 0.21ರೊಳಗೇ ಇರಬೇಕು.

ಉತ್ತರ 2:
ಮೇಲಿನ ಮಾತು ನಿಜವಾದರೂ, ಗಾತ್ರದ ಹರವೊಂದೇ ಇಷ್ಟು ವ್ಯತ್ಯಾಸ ತರಲಾರದು. ಲಾಗ್-ನಾರ್ಮಲ್ ಹರವು (ದೊಡ್ಡ ಗಾತ್ರದ ಕಡೆಗೆ ಬಾಲ ಚಾಚಿದ ಹಂಚಿಕೆ) ಶೇ 10 ಇದ್ದರೆ ಗಿನಿಯೆ ತ್ರಿಜ್ಯ ಹಿಗ್ಗುವುದು ಸುಮಾರು ಶೇ 7 ಮಾತ್ರ. ನನಗೆ ಕಣಗಳು ಗುಂಪುಗಟ್ಟಿರುವ ಅನುಮಾನವಿದೆ. 5 ನ್ಯಾನೋಮೀಟರ್ ತ್ರಿಜ್ಯದ ಗೋಳಕ್ಕೆ ತೀವ್ರತೆಯ ರೇಖೆಯ ಮೊದಲ ತಗ್ಗು ಕ್ಯೂ 0.9ರ ಬಳಿ ಬೀಳಬೇಕು. ಅದು ಅಲ್ಲಿಯೇ ಇದ್ದರೆ ಬಿಡಿ ಕಣಗಳು 10 ನ್ಯಾನೋಮೀಟರಿನವೇ. ಬಳಿಕ ದ್ರಾವಣವನ್ನು ನಾಲ್ಕು ಪಟ್ಟು ತೆಳುಮಾಡಿ ಮತ್ತೆ ಅಳೆಯಿರಿ. ಸಣ್ಣ ಕ್ಯೂ ಕಡೆ ತೀವ್ರತೆಯಲ್ಲಿ ಕಾಣುವ ಏರಿಕೆ ಕಣಗಳ ನಡುವಿನ ಸೆಳೆತದಿಂದ ಬಂದದ್ದಾದರೆ ತೆಳುವಾದಂತೆ ತಗ್ಗುತ್ತದೆ. ಗಟ್ಟಿಯಾಗಿ ಅಂಟಿಕೊಂಡ ಗುಂಪುಗಳದ್ದಾದರೆ ಉಳಿಯುತ್ತದೆ. ಹಿನ್ನೆಲೆ ಕಳೆಯಲು ನೀರನ್ನು ಅದೇ ಕ್ಯಾಪಿಲರಿಯಲ್ಲಿಯೇ ಅಳೆಯಿರಿ, ಏಕೆಂದರೆ ಗಾಜಿನ ದಪ್ಪ ಕೊಳವೆಯಿಂದ ಕೊಳವೆಗೆ ಬದಲಾಗುತ್ತದೆ.

ಪ್ರಶ್ನೆ ಕೇಳಿದವರು:
ತಗ್ಗು 0.88ರಲ್ಲಿ ಸಿಕ್ಕಿತು, ಆಳವಿಲ್ಲದಿದ್ದರೂ ಸ್ಪಷ್ಟವಾಗಿದೆ. ತೆಳುಮಾಡಿದ ಮೇಲೂ ಸಣ್ಣ ಕ್ಯೂ ಕಡೆಯ ಏರಿಕೆ ಕದಲಲಿಲ್ಲ. ಸೂಕ್ಷ್ಮದರ್ಶಕದ ಚಿತ್ರಗಳಲ್ಲಿ ಅಲ್ಲಲ್ಲಿ ಕಂಡ ಜೋಡಿ ಕಣಗಳನ್ನು ಗ್ರಿಡ್ (ಮಾದರಿ ಇಡುವ ಸಣ್ಣ ಜಾಲರಿ) ಒಣಗುವಾಗ ಅಂಟಿಕೊಂಡಿವೆಯೆಂದು ಎಣಿಕೆಯಿಂದ ಬಿಟ್ಟಿದ್ದೆ.

ಉತ್ತರ 2:
ಹಾಗಾದರೆ ಅವುಗಳಲ್ಲಿ ಕೆಲವಾದರೂ ದ್ರಾವಣದಲ್ಲಿಯೇ ಅಂಟಿದ್ದವು. ಬಿಡಿ ಕಣದ ಗಾತ್ರವನ್ನು ತಗ್ಗಿನ ಸುತ್ತಲಿನ ದತ್ತಾಂಶದಿಂದ ಪಡೆದು, 16 ಎಂಬುದನ್ನು ಕಣದ ವ್ಯಾಸವೆಂದು ಬರೆಯದೆ, ಗುಂಪುಗಳಿವೆ ಎಂಬುದಕ್ಕೆ ಸಾಕ್ಷಿಯಾಗಿ ದಾಖಲಿಸಿ.