ಉದ್ಯೋಗ ಕಚೇರಿ ಕಡ್ಡಾಯ ತರಬೇತಿಗೆ ಕರೆದಿದೆ: ಜರ್ಮನಿಯಲ್ಲಿರುವ ಕನ್ನಡಿಗರ ಅನುಭವ ಬೇಕಾಗಿದೆ

ಸಾಗರದವರು (ಪ್ರಶ್ನೆ ಕೇಳಿದವರು):
ಎಲ್ಲರಿಗೂ ನಮಸ್ಕಾರ. ನಮ್ಮ ಕಂಪನಿ ಇಡೀ ವಿಭಾಗವನ್ನೇ ಮುಚ್ಚಿದಾಗ ನನ್ನ ಕೆಲಸವೂ ಹೋಯಿತು. ನಾಲ್ಕು ತಿಂಗಳಿನಿಂದ ನಿರುದ್ಯೋಗ ಭತ್ಯೆ ಬರುತ್ತಿದೆ. ಮೊನ್ನೆ ಬಂದ ಕಾಗದದಲ್ಲಿ, ಮುಂದಿನ ತಿಂಗಳಿನಿಂದ ಎಂಟು ವಾರ, ಪ್ರತಿದಿನ ಬೆಳಿಗ್ಗೆ 8.30ರಿಂದ ಮಧ್ಯಾಹ್ನ 3.30ರವರೆಗೆ, ಉದ್ಯೋಗದ ಅರ್ಜಿ ಬರೆಯುವುದನ್ನು ಕಲಿಸುವ ಮಾಸ್‌ನಾಮೆಗೆ (ಕಚೇರಿಯೇ ಕಳುಹಿಸುವ ತರಬೇತಿಗೆ) ಹಾಜರಾಗಬೇಕೆಂದು ತಿಳಿಸಿದ್ದಾರೆ. ನನಗೆ ಎರಡು ಕಂಪನಿಗಳ ಸಂದರ್ಶನಗಳು ನಡೆಯುತ್ತಿವೆ. ಮೂರು ವರ್ಷದ ಮಗಳ ಶಿಶುವಿಹಾರ ಮಧ್ಯಾಹ್ನ 2 ಗಂಟೆಗೆ ಮುಗಿಯುತ್ತದೆ, ಯಜಮಾನರು ವಾರಕ್ಕೆ ನಾಲ್ಕು ದಿನ ಬೇರೆ ಊರಿನಲ್ಲಿರುತ್ತಾರೆ. ಈ ತರಬೇತಿಯನ್ನು ನಿರಾಕರಿಸಬಹುದೇ, ಅಥವಾ ಅರ್ಧ ದಿನಕ್ಕೆ ಇಳಿಸಿಕೊಳ್ಳಬಹುದೇ? ಅನುಭವವಿರುವವರು ದಯವಿಟ್ಟು ತಿಳಿಸಿ.

ಧಾರವಾಡದವರು:
ನಾನು ನಿರಾಕರಿಸಿದವನು, ಆದ್ದರಿಂದ ನನ್ನ ಲೆಕ್ಕವನ್ನೇ ಹೇಳುತ್ತೇನೆ. ಹದಿಮೂರು ವರ್ಷ ಎಂಬೆಡೆಡ್ ಸಾಫ್ಟ್‌ವೇರ್ ಬರೆದವನಿಗೆ ಆರು ವಾರಗಳ ಕಂಪ್ಯೂಟರ್ ಪರಿಚಯದ ತರಗತಿಗೆ ಬರಬೇಕೆಂದು ಕಾಗದ ಬಂದಿತ್ತು. ಇಷ್ಟು ಅಸಂಬದ್ಧವಾದ ಆದೇಶವನ್ನು ಯಾರೂ ಜಾರಿಗೊಳಿಸಲಾರರು ಎಂದು ನಂಬಿ, ನನಗೆ ಇದು ಬೇಡವೆಂದು ಎರಡು ಸಾಲಿನ ಮಿಂಚಂಚೆ ಕಳುಹಿಸಿ ಸುಮ್ಮನಾದೆ. ಮೂರು ವಾರಗಳ ಷ್ಪೆರ್‌ತ್ಸೈಟ್, ಅಂದರೆ ಭತ್ಯೆ ತಡೆಹಿಡಿಯುವ ಅವಧಿ, ಬಿತ್ತು. ನನ್ನ ಭತ್ಯೆ ದಿನಕ್ಕೆ 78 ಯೂರೋ ಇತ್ತು, 21 ದಿನಕ್ಕೆ 1,638 ಯೂರೋ ಹೋಯಿತು. ಅದೇ ತಿಂಗಳು ಮನೆ ಬಾಡಿಗೆ 1,290, ಮೇಲೆ ಬಿಸಿನೀರಿನ ಬಾಕಿ 214. ಊರಿನಲ್ಲಿ ಅಮ್ಮನಿಗೆ ಪ್ರತಿ ತಿಂಗಳು ಕಳುಹಿಸುವ ಹಣವನ್ನು ಆ ಬಾರಿ ಕಳುಹಿಸಲಾಗಲಿಲ್ಲ, ಏಕೆಂದು ಅವರಿಗೆ ಇವತ್ತಿಗೂ ಹೇಳಿಲ್ಲ.

ಒಂದು ತಿಂಗಳ ಒಳಗೆ ಆಕ್ಷೇಪಣೆ ಸಲ್ಲಿಸಬಹುದಿತ್ತು. ನಾನು 33ನೇ ದಿನ ಸಲ್ಲಿಸಿದೆ, ಅದನ್ನು ಓದದೆಯೇ ತಿರಸ್ಕರಿಸಿದರು. ಮೊದಲ ನಿರಾಕರಣೆಗೆ ಮೂರು ವಾರ, ಎರಡನೆಯದಕ್ಕೆ ಆರು, ಮೂರನೆಯದಕ್ಕೆ ಹನ್ನೆರಡು. ಎಲ್ಲ ಬಗೆಯ ಷ್ಪೆರ್‌ತ್ಸೈಟ್ ಸೇರಿ 21 ವಾರವಾದರೆ ಉಳಿದ ಭತ್ಯೆಯ ಹಕ್ಕೇ ಹೋಗುತ್ತದೆ.

ದಾವಣಗೆರೆಯವರು:
ತಂಗಿ, ಸುಮ್ಮನೆ ಹೋಗಿ ಕುಳಿತುಕೊಳ್ಳಿ. ನನಗೆ 53ನೇ ವಯಸ್ಸಿನಲ್ಲಿ ಕೆಲಸ ಹೋಯಿತು, ಐವತ್ತು ದಾಟಿದ್ದರಿಂದ 15 ತಿಂಗಳ ಭತ್ಯೆ ಸಿಕ್ಕಿತು, ಮಾಸ್‌ನಾಮೆಗೆ ಒಂದು ದಿನವೂ ತಪ್ಪಿಸದೆ ಹೋದೆ. ಕೋಣೆಯಲ್ಲಿ ಹದಿನಾಲ್ಕು ಜನರಿದ್ದೆವು. ನನ್ನ ಪಕ್ಕದಲ್ಲಿ ಕುಳಿತಿದ್ದ ಬಸ್ ಚಾಲಕರೊಬ್ಬರು ನನ್ನ ಅರ್ಜಿಯ ಮೊದಲ ವಾಕ್ಯವನ್ನು ಪೆನ್ಸಿಲಿನಲ್ಲಿ ಹೊಡೆದುಹಾಕಿ, ಜರ್ಮನ್ನರು ಹೀಗೆ ಬರೆಯುವುದಿಲ್ಲ ಎಂದು ಬೇರೆ ವಾಕ್ಯ ಬರೆದುಕೊಟ್ಟರು. ಆ ವಾಕ್ಯವಿದ್ದ ಅರ್ಜಿಗೇ ನನಗೆ ಕೆಲಸ ಸಿಕ್ಕಿತು. ನನ್ನ ಖರ್ಚು ಟಿಕೆಟ್ಟಿನದು ಮಾತ್ರ. 2025ರಲ್ಲಿ ತಿಂಗಳಿಗೆ 58 ಯೂರೋ ಇದ್ದ ಡಾಯ್ಚ್‌ಲ್ಯಾಂಡ್ ಟಿಕೆಟ್ (ಬಸ್ಸು, ರೈಲುಗಳ ಮಾಸಿಕ ಪಾಸು), ಅದನ್ನೂ ಅರ್ಜಿ ಕೊಟ್ಟು ವಾಪಸು ಪಡೆದೆ. ತೆರಿಗೆ ಕಟ್ಟುವವರ ಹಣದಲ್ಲಿ ಬದುಕುವಾಗ ಕರೆದಲ್ಲಿಗೆ ಹೋಗುವುದು ಕರ್ತವ್ಯ. ಧಾರವಾಡದವರಿಗೆ ಆದದ್ದು ಅವರ ಅಹಂಕಾರದ ಫಲ.

ಧಾರವಾಡದವರು:
ದಾವಣಗೆರೆಯವರೇ, ಅಹಂಕಾರದ ಮಾತನ್ನು ಬಿಟ್ಟುಬಿಡೋಣ, ಆದರೆ ಇದು ತೆರಿಗೆಯ ಹಣವೆಂದು ಬರೆಯಬೇಡಿ. ಸಂಬಳದ ಶೇ. 2.6ರಷ್ಟು ವಿಮಾ ಕಂತು ಹೋಗುತ್ತದೆ, ಅದರಲ್ಲಿ ಅರ್ಧವನ್ನು ನನ್ನ ಸಂಬಳದಿಂದಲೇ ಪ್ರತಿ ತಿಂಗಳು ಮುರಿದುಕೊಂಡಿದ್ದಾರೆ. ಬೆಂಕಿ ಬಿದ್ದ ಮನೆಯವನು ವಿಮೆಯ ಹಣ ಕೇಳಿದರೆ ಅವನನ್ನು ಭಿಕ್ಷುಕನೆಂದು ಯಾರೂ ಕರೆಯುವುದಿಲ್ಲ. ಬ್ಯುರ್ಗರ್‌ಗೆಲ್ಡ್‌ನಂಥ, ಬದುಕಲು ಸಾಕಷ್ಟು ಆದಾಯವಿಲ್ಲದವರಿಗೆ ಕೊಡುವ ಮೂಲ ನೆರವು ಬೇರೆ, ಅದು ತೆರಿಗೆಯಿಂದ ಬರುವುದು. ಎರಡನ್ನೂ ಒಂದೇ ಮಾಡಿ ನಮ್ಮವರನ್ನು ನಮ್ಮವರೇ ನಾಚಿಸುವುದನ್ನು ನಾನು ಒಪ್ಪುವುದಿಲ್ಲ.

ಮಂಡ್ಯದವರು:
ನಿಮ್ಮಿಬ್ಬರ ಮೂರು ವಾರದ ಜಗಳವನ್ನು ನೋಡಿದರೆ ನನಗೆ ಸಂಕಟವಾಗುತ್ತದೆ, ನನಗೆ ಬಿದ್ದದ್ದು ಹನ್ನೆರಡು ವಾರ. ಕಂಪನಿಯವರು ಪರಸ್ಪರ ಒಪ್ಪಿ ಕೆಲಸ ಕೊನೆಗೊಳಿಸುವ ಒಪ್ಪಂದದ ಕಾಗದವನ್ನು ಮುಂದಿಟ್ಟು, 18,000 ಯೂರೋ ಕೊಡುತ್ತೇವೆ, ಶುಕ್ರವಾರದೊಳಗೆ ಸಹಿ ಮಾಡಿ ಎಂದರು, ಮಾಡಿದೆ. ತಾನೇ ಕೆಲಸ ಬಿಟ್ಟವನೆಂದು ಕಚೇರಿ ನನ್ನನ್ನು ಪರಿಗಣಿಸಿತು. ಹನ್ನೆರಡು ವಾರ ಭತ್ಯೆ ಇಲ್ಲ. ಅದಕ್ಕಿಂತ ದೊಡ್ಡ ಹೊಡೆತವೆಂದರೆ, ಒಟ್ಟು ಅವಧಿಯಲ್ಲೇ ಕಾಲು ಭಾಗ ಕಡಿತವಾಗಿ 360 ದಿನ ಇದ್ದದ್ದು 270 ದಿನವಾಯಿತು. ನನ್ನ ದಿನದ ದರ 71 ಯೂರೋ, 90 ದಿನಕ್ಕೆ 6,390 ಯೂರೋ. ಪರಿಹಾರದ ಹಣದ ಮೇಲೆ ಆದಾಯ ತೆರಿಗೆ ಬೇರೆ. ಸಹಿ ಮಾಡುವ ಮೊದಲು ವಕೀಲರನ್ನು ಒಮ್ಮೆ ಕಂಡಿದ್ದರೆ, ಮೊದಲ ಸಮಾಲೋಚನೆಗೆ ಹೆಚ್ಚೆಂದರೆ 226 ಯೂರೋ 10 ಸೆಂಟ್ ಆಗುತ್ತಿತ್ತು. ಆ ಹಣ ಉಳಿಸಲು ಹೋದವನು ನಾನು. ಎಂಟು ವಾರವಲ್ಲ, ಎಂಬತ್ತು ವಾರ ತರಗತಿಗೆ ಬಾ ಎಂದಿದ್ದರೂ ಹೋಗುತ್ತಿದ್ದೆ.

ಶಿರಸಿಯವರು:
ಕರೆದಲ್ಲಿಗೆ ಹೋಗಿ ಕುಳಿತುಕೊಳ್ಳುವುದು, ಇಲ್ಲವೇ ನಿರಾಕರಿಸಿ ಪೆಟ್ಟು ತಿನ್ನುವುದು, ಇವೆರಡೇ ದಾರಿಗಳೆಂಬಂತೆ ಎಲ್ಲರೂ ಬರೆಯುತ್ತಿದ್ದೀರಿ. ನಾನು ಅರ್ಜಿ ತರಬೇತಿಯ ಕಾಗದ ಬಂದ ದಿನವೇ ಅಧಿಕಾರಿಗೆ ಬರೆದು, ಇದರ ಬದಲು ಕ್ಲೌಡ್ ಭದ್ರತೆಯ ನಾಲ್ಕು ತಿಂಗಳ ಕೋರ್ಸಿಗೆ ಬಿಲ್ಡುಂಗ್ಸ್‌ಗುಟ್‌ಷೈನ್ (ಕೋರ್ಸಿನ ಶುಲ್ಕವನ್ನು ಕಚೇರಿಯೇ ಭರಿಸುವ ಚೀಟಿ) ಕೊಡಿ ಎಂದು ಕೇಳಿದೆ. ಅದು ಹಕ್ಕಲ್ಲ, ಅಧಿಕಾರಿಯ ವಿವೇಚನೆಗೆ ಬಿಟ್ಟದ್ದು. ಆದ್ದರಿಂದ ಇಪ್ಪತ್ತಮೂರು ಉದ್ಯೋಗ ಜಾಹೀರಾತುಗಳನ್ನು ಮುದ್ರಿಸಿ, ಪ್ರತಿಯೊಂದರಲ್ಲೂ ಆ ಪ್ರಮಾಣಪತ್ರ ಕೇಳಿದ ಸಾಲಿಗೆ ಹಳದಿ ಬಣ್ಣ ಬಳಿದು ತೆಗೆದುಕೊಂಡು ಹೋದೆ. ಮೊದಲ ಬಾರಿ ಇಲ್ಲವೆಂದರು, ಎರಡನೆಯ ಬಾರಿ ನನಗೆ ಜರ್ಮನ್ ಭಾಷೆಯ ಬಿ2 ಮಟ್ಟ ಇಲ್ಲವೆಂದರು, ಮೂರನೆಯ ಬಾರಿ ಕೊಟ್ಟರು. ಆ ಅವಧಿಯಲ್ಲಿ ಭತ್ಯೆ ಮುಂದುವರಿಯಿತು, ಎರಡು ದಿನದ ಕಲಿಕೆಗೆ ನನ್ನ ಭತ್ಯೆಯ ದಿನಗಳಿಂದ ಒಂದೇ ದಿನ ಕಳೆಯಿತು. ಮಗುವಿನ ಆರೈಕೆಗೆಂದು ತಿಂಗಳಿಗೆ 160 ಯೂರೋ ಬಂತು, ಆದರೆ ನಾನು ಆಯಾಗೆ ಕೊಟ್ಟದ್ದು 380. ಕೋರ್ಸಿನ ಎರಡನೇ ತಿಂಗಳಲ್ಲಿ ಮಗನಿಗೆ ಸೀತಾಳೆ ಸಿಡುಬು ಬಂದು ಒಂಬತ್ತು ದಿನ ಮನೆಯಲ್ಲೇ ಉಳಿದೆ, ಆ ಪಾಠಗಳನ್ನೆಲ್ಲ ರಾತ್ರಿ ಹನ್ನೊಂದರ ಮೇಲೆ ಓದಿದೆ. ಪ್ರಮಾಣಪತ್ರ ನನ್ನ ಗೋಡೆಯ ಮೇಲಿದೆ.

ದಾವಣಗೆರೆಯವರು:
ನಿಮಗೆ ಸಿಕ್ಕಿತು ಸಂತೋಷ. ಬಿ2 ಮೊದಲೇ ಕಲಿತಿದ್ದರೆ ಮೂರು ಬಾರಿ ಅಲೆಯುವ ಅಗತ್ಯವೇ ಇರಲಿಲ್ಲ. ಏಳೆಂಟು ವರ್ಷ ಇಲ್ಲಿದ್ದು ಬೇಕರಿಯಲ್ಲಿ ಬೆರಳು ತೋರಿಸಿ ಬ್ರೆಡ್ ಕೊಳ್ಳುವ ನಮ್ಮವರನ್ನು ಕಂಡು ನನಗೆ ಬೇಸರವಾಗಿದೆ.

ಶಿರಸಿಯವರು:
ನನ್ನ ಬಗ್ಗೆ ಏನೂ ತಿಳಿಯದೆ ಬರೆದಿದ್ದೀರಿ. ಎರಡು ಹೆರಿಗೆಗಳ ನಡುವೆ, ಪೂರ್ಣಾವಧಿ ಕೆಲಸದ ಜೊತೆಗೆ, ಸಂಜೆಯ ತರಗತಿಗಳಲ್ಲಿ ಬಿ1 ಮುಗಿಸಿದವಳು ನಾನು. ಮನೆಯಲ್ಲಿ ಬೇರೆಯವರು ಅನ್ನ ಮಾಡಿಡುತ್ತಿದ್ದರೆ ನಾನೂ ಸಿ1 ಬರೆಯುತ್ತಿದ್ದೆ. ಈ ಮಾತನ್ನು ನೀವು ಹಿಂದಕ್ಕೆ ಪಡೆಯಬೇಕು.

ಪುತ್ತೂರಿನವರು:
ಊರಿಗೆ ಹೋಗುವ ಯೋಚನೆ ಯಾರಿಗಾದರೂ ಇದ್ದರೆ ನನ್ನ ಕಥೆಯನ್ನು ಕೇಳಿ. ತಂದೆಯವರ ವರ್ಷಾಂತಿಕಕ್ಕೆ ಕಚೇರಿಗೆ ತಿಳಿಸದೆ ಹದಿನಾರು ದಿನ ಊರಿಗೆ ಹೋದೆ. ಮೊದಲೇ ಒಪ್ಪಿಗೆ ಪಡೆದರೆ ವರ್ಷಕ್ಕೆ 21 ದಿನದವರೆಗೆ ಭತ್ಯೆಯೊಂದಿಗೇ ಹೋಗಬಹುದೆಂಬುದು ನನಗೆ ಗೊತ್ತಿತ್ತು, ಆದರೆ ಒಪ್ಪದಿದ್ದರೆ ಏನು ಮಾಡುವುದೆಂದು ಕೇಳಲೇ ಇಲ್ಲ. ನಾನು ಹೊರಟ ನಾಲ್ಕನೇ ದಿನ ಭೇಟಿಗೆ ಬರಬೇಕೆಂಬ ಕಾಗದ ಅಂಚೆಪೆಟ್ಟಿಗೆಗೆ ಬಿದ್ದಿತ್ತು. ನಾನು ಅಂಗಳದಲ್ಲಿ ಪಿಂಡಕ್ಕೆ ದರ್ಭೆ ಹಾಸುತ್ತಿದ್ದ ಹೊತ್ತಿಗೆ ಆ ಭೇಟಿಯ ಸಮಯ ಕಳೆದುಹೋಗಿತ್ತು. ಹದಿನಾರು ದಿನದ 1,024 ಯೂರೋವನ್ನು ಹಿಂದಿರುಗಿಸಿದೆ, ಭೇಟಿ ತಪ್ಪಿಸಿದ್ದಕ್ಕೆ ಒಂದು ವಾರದ 448 ಯೂರೋ ಹೆಚ್ಚುವರಿಯಾಗಿ ಹೋಯಿತು. ಅದರ ಬದಲು ವೈದ್ಯರ ಚೀಟಿ ತಂದು ಕಾಯಿಲೆಯೆಂದು ಹೇಳಬಹುದಿತ್ತು ಎಂದು ಈಗ ಅನ್ನಿಸುತ್ತದೆ. ಈ ಮಾಸ್‌ನಾಮೆಗೂ ಅದೇ ಸುಲಭದ ದಾರಿ.

ಮಂಡ್ಯದವರು:
ಸುಳ್ಳು ಚೀಟಿಯ ಸಲಹೆಯನ್ನು ದಯವಿಟ್ಟು ಅಳಿಸಿ. ಇಲ್ಲಿ ವೀಸಾದ ಮೇಲಿರುವವರೂ ಓದುತ್ತಾರೆ. ವಂಚನೆಯ ಆರೋಪ ಬಂದರೆ ಭತ್ಯೆಯ ಜೊತೆಗೆ ಏನೇನು ಹೋಗಬಹುದೆಂದು ಯೋಚಿಸಿದ್ದೀರಾ?

ಪುತ್ತೂರಿನವರು:
ಕಂಪನಿ ಕೊಟ್ಟ ಕಾಗದಕ್ಕೆ ಓದದೆ ಸಹಿ ಮಾಡಿದವರು ನನಗೆ ಕಾನೂನಿನ ಪಾಠ ಹೇಳುವುದು ಬೇಡ.

ಮಂಡ್ಯದವರು:
ಓದಿಯೇ ಸಹಿ ಮಾಡಿದೆ, ಅರ್ಥವಾಗದೆ ಮಾಡಿದೆ. ನನ್ನಂತೆ ಇನ್ನೊಬ್ಬರು ಆಗಬಾರದೆಂದೇ ಇಲ್ಲಿ ಬರೆಯುತ್ತಿದ್ದೇನೆ.

ಸಾಗರದವರು:
ಎಲ್ಲರಿಗೂ ಧನ್ಯವಾದ. ನನ್ನ ಪ್ರಶ್ನೆ ಮಗಳ ಶಿಶುವಿಹಾರದ ಸಮಯದ್ದು. ಮಧ್ಯಾಹ್ನ 2ರ ನಂತರ ನನಗೆ ಸಾಧ್ಯವಿಲ್ಲ, ಆದ್ದರಿಂದ ಇನ್ನು ಮುಂದೆ ದಿನಕ್ಕೆ ಐದು ಗಂಟೆ ಮಾತ್ರ ಲಭ್ಯಳಿದ್ದೇನೆ ಎಂದು ಕಚೇರಿಗೆ ಪತ್ರ ಬರೆದಿಟ್ಟಿದ್ದೇನೆ. ನಾಳೆ ಕಳುಹಿಸಲೇ?

ಧಾರವಾಡದವರು:
ಕಳುಹಿಸಬೇಡಿ! ಆ ಒಂದು ವಾಕ್ಯದಿಂದ ನೀವು ಅರೆಕಾಲಿಕ ಕೆಲಸಕ್ಕೆ ಮಾತ್ರ ಸಿದ್ಧರೆಂದು ದಾಖಲಾಗುತ್ತದೆ, ಮತ್ತು ನಿಮ್ಮ ಭತ್ಯೆಯನ್ನು ಅದೇ ಪ್ರಮಾಣದಲ್ಲಿ ಇಳಿಸುತ್ತಾರೆ. ವಾರಕ್ಕೆ 40 ಗಂಟೆ ದುಡಿದವರು 25 ಗಂಟೆ ಎಂದು ಬರೆದುಕೊಟ್ಟರೆ ಎಂಟರಲ್ಲಿ ಐದು ಪಾಲು ಮಾತ್ರ ಸಿಗುತ್ತದೆ. ನನ್ನ ಹೆಂಡತಿಯ ಗೆಳತಿಯೊಬ್ಬರಿಗೆ ಹೀಗೇ ಆಯಿತು. ಬದಲಿಗೆ, ಕೆಲಸಕ್ಕೆ ಪೂರ್ಣಾವಧಿ ಸಿದ್ಧಳಿದ್ದೇನೆ, ಕೆಲಸ ಸಿಕ್ಕಿದರೆ ಮಗುವಿನ ವ್ಯವಸ್ಥೆ ಹೀಗಿರುತ್ತದೆ ಎಂದು ಬರೆಯಿರಿ. ಅದು ನಿಜವಾದ ವ್ಯವಸ್ಥೆಯೇ ಆಗಿರಬೇಕು. ಈ ಎಂಟು ವಾರಕ್ಕೆ ಮಾತ್ರ ಅರ್ಧ ದಿನದ ತರಗತಿ ಇದೆಯೇ ಎಂದು ಕೇಳಿ, ಇಲ್ಲದಿದ್ದರೆ ಆರೈಕೆಯ ವೆಚ್ಚ ಕೇಳಿ. ಸಂದರ್ಶನದ ಆಹ್ವಾನಗಳನ್ನೂ ಜೊತೆಗಿಡಿ, ಸಂದರ್ಶನಕ್ಕೆ ಹೋಗಲು ಬಿಡುವು ಕೇಳುವುದು ತಪ್ಪಲ್ಲ.

ದಾವಣಗೆರೆಯವರು:
ಇದನ್ನು ಧಾರವಾಡದವರು ಸರಿಯಾಗಿ ಹೇಳಿದ್ದಾರೆ. ತಂಗಿ, ಪತ್ರವನ್ನು ಖುದ್ದಾಗಿ ಕೊಟ್ಟು, ಪ್ರತಿಯ ಮೇಲೆ ತಾರೀಖಿನ ಮೊಹರು ಹಾಕಿಸಿಕೊಳ್ಳಿ. ಶಿರಸಿಯವರೇ, ಭಾಷೆಯ ಬಗ್ಗೆ ಬರೆದದ್ದು ನಿಮ್ಮನ್ನು ಕುರಿತಲ್ಲ.

ಶಿರಸಿಯವರು:
ನನ್ನ ಹೆಸರಿನ ಕೆಳಗೆ ಬರೆದದ್ದು ನನ್ನನ್ನು ಕುರಿತೇ.

ಸಾಗರದವರು:
ಆ ವಾಕ್ಯವನ್ನು ತೆಗೆದಿದ್ದೇನೆ. ಮಗಳ ಗೆಳತಿಯ ತಾಯಿ ಸಂಜೆ 5ರವರೆಗೆ ನೋಡಿಕೊಳ್ಳಲು ಒಪ್ಪಿ ಸಹಿ ಮಾಡಿಕೊಟ್ಟಿದ್ದಾರೆ, ಅದನ್ನೂ ಲಗತ್ತಿಸಿದ್ದೇನೆ. ನಾಳೆ ಬೆಳಿಗ್ಗೆ 8 ಗಂಟೆಗೆ ಕಚೇರಿಯ ಬಾಗಿಲಲ್ಲಿರುತ್ತೇನೆ.